ಚಂಡಮಾರುತಕ್ಕೆ ಚಪ್ಪಾಳೆ ಬೇಡ

ಸಿನಿಮಾ ಹುಚ್ಚಿರೋ ಯಾವ ಹಾಸ್ಟೆಲ್ ರೂಮಿಗೆ ಹೋದರೂ ‘ಅಪೋಕ್ಯಾಲಿಪ್ಸ್ ನೌ’ ಶೂಟಿಂಗ್ ಕಥೆ ಒಮ್ಮೆಯಾದರೂ ಬರುತ್ತೆ. ಫಿಲಿಪ್ಪೀನ್ಸ್ ಕಾಡು, ಚಂಡಮಾರುತ, ಹೀರೋಗೆ ಹಾರ್ಟ್ ಅಟ್ಯಾಕ್, ಆಸ್ತಿಯನ್ನೇ ಪಣಕ್ಕಿಟ್ಟ ಡೈರೆಕ್ಟರ್ ಕೊಪ್ಪೊಲಾ. ಕೊನೆಗೆ ಒಬ್ಬ ‘ನೋಡ್ ಮಗಾ, ಪ್ಲ್ಯಾನ್ ಮಾಡ್ಕೊಂಡು ಕೂತಿದ್ರೆ ಇಂಥ ಸಿನಿಮಾ ಆಗ್ತಿರಲಿಲ್ಲ’ ಅಂತಾನೆ. ನಾವು ಇದನ್ನ ಒಪ್ಪಲ್ಲ.

ನಡೆದದ್ದನ್ನೇ ನೋಡೋಣ. ಶೂಟಿಂಗ್ ಶುರುವಾಗಿದ್ದು 1976ರ ಮಾರ್ಚ್‌ನಲ್ಲಿ. ಅಲ್ಲಿ ಜೂನ್ ಹೊತ್ತಿಗೆ ಮಳೆಗಾಲ ಹಿಡಿಯುತ್ತೆ. ಅಂದರೆ ಅಷ್ಟು ದೊಡ್ಡ ಸಿನಿಮಾಗೆ ಒಣ ದಿನಗಳು ಮೂರು ತಿಂಗಳೂ ಇರಲಿಲ್ಲ. ಮೇ ತಿಂಗಳಲ್ಲೇ ‘ಓಲ್ಗಾ’ ಚಂಡಮಾರುತ ಬಂದು ಸೆಟ್‌ಗಳನ್ನು ಕೆಡವಿತು, ಕೆಲಸ ವಾರಗಟ್ಟಲೆ ನಿಂತಿತು. ಮಾರ್ಕೋಸ್ ಸರ್ಕಾರ ಕೊಟ್ಟಿದ್ದ ಹೆಲಿಕಾಪ್ಟರ್‌ಗಳನ್ನು ಬಂಡುಕೋರರ ಮೇಲೆ ಬಳಸಲು ಸೈನ್ಯ ಶೂಟಿಂಗ್ ಮಧ್ಯದಲ್ಲೇ ಕರೆಸಿಕೊಳ್ಳುತ್ತಿತ್ತು. 1977ರ ಮಾರ್ಚ್‌ನಲ್ಲಿ 36 ವರ್ಷದ ಮಾರ್ಟಿನ್ ಶೀನ್‌ಗೆ ಹೃದಯಾಘಾತ. ಒಟ್ಟು 238 ದಿನ ಶೂಟಿಂಗ್, ಬಜೆಟ್ ದುಪ್ಪಟ್ಟು ದಾಟಿತು. ಇಂಥದೇ ದಿನ ಚಂಡಮಾರುತ ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಸರಿ. ಮಳೆಗಾಲ ಯಾವಾಗ ಅಂತ ಮಾತ್ರ ಅಲ್ಲಿನ ಪ್ರತಿ ಮೀನುಗಾರನಿಗೂ ಗೊತ್ತಿರುತ್ತೆ.

ಹತ್ತು ವರ್ಷದ ನಂತರ, 1986ರಲ್ಲಿ, ಅದೇ ದೇಶದಲ್ಲಿ ಅದೇ ವಿಯೆಟ್ನಾಂ ಯುದ್ಧದ ಬಗ್ಗೆ ಆಲಿವರ್ ಸ್ಟೋನ್ ‘ಪ್ಲಟೂನ್’ ತೆಗೆದರು. ಶೂಟಿಂಗ್ ಶುರುವಾಗೋ ಹೊತ್ತಿಗೆ ಮಾರ್ಕೋಸ್ ದೇಶ ಬಿಟ್ಟು ಓಡಿದ್ದ, ಸರ್ಕಾರವೇ ಬದಲಾಗಿತ್ತು. ಆದರೂ ನಟರಿಗೆ ಮೊದಲೇ ಸುಮಾರು ಎರಡು ವಾರ ಕಾಡಿನಲ್ಲಿ ಟ್ರೈನಿಂಗ್ ಕೊಟ್ಟು, 54 ದಿನದಲ್ಲಿ ಶೂಟಿಂಗ್ ಮುಗಿಸಿದರು. ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಎರಡೂ ಒಂದೇ ಅಳತೆಯ ಸಿನಿಮಾ ಅಲ್ಲ, ಕೊಪ್ಪೊಲಾ ಹೊತ್ತ ಭಾರ ದೊಡ್ಡದು, ಒಪ್ಪುತ್ತೀವಿ. ಆದರೆ ಪ್ಲ್ಯಾನ್ ಮಾಡಿದರೆ ಕಲೆ ಸಾಯುತ್ತೆ ಅನ್ನೋ ವಾದ ಇಲ್ಲಿಗೆ ಬಿದ್ದುಹೋಯ್ತಲ್ಲ?

ಈ ಪ್ಲ್ಯಾನಿಂಗ್ ಅಂದ್ರೆ ನಮಗೆ ಗೊತ್ತಿರೋ ಎಂಜಿನಿಯರಿಂಗೇ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ಹೆಚ್ಚುಕಮ್ಮಿ 12 ಗಂಟೆ. ಸೂರ್ಯ ನೆಟ್ಟಗೆ ಇಳಿಯೋದರಿಂದ ಸಂಜೆಬೆಳಕು ಬೇಗ ಮುಗಿಯುತ್ತೆ. ಮಧ್ಯಾಹ್ನ ಬೆಳಕು ನೆತ್ತಿಯಿಂದ ಬಿದ್ದು ನಟರ ಕಣ್ಣೇ ಕಾಣಲ್ಲ. ಎಸಿ ರೂಮಿನಿಂದ ಕ್ಯಾಮೆರಾ ಹೊರಗೆ ತಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತೆ. ಮಳೆ ಬಂದ ದಿನ ತೆಗೆಯೋಕೆ ಒಳಾಂಗಣದ ಸೀನ್ ಒಂದೆರಡು ಎತ್ತಿಡಬೇಕು. ಸಾಮಾನಿಗೆ ಕಸ್ಟಮ್ಸ್ ಸುಂಕ ಬೀಳದಿರಲಿ ಅಂತ ಕಾರ್ನೆಟ್ ಮಾಡಿಸಿದರೆ ಪ್ರತಿ ಲೆನ್ಸಿನ ಸೀರಿಯಲ್ ನಂಬರ್ ಬರೆಯಬೇಕು. ಹೋದದ್ದೆಲ್ಲ ವಾಪಸ್ ಬರಬೇಕು, ಇಲ್ಲದಿದ್ದರೆ ಸುಂಕ ಕಟ್ಟಬೇಕು. ಪರೀಕ್ಷೆಯಲ್ಲಿ ಕ್ರಿಟಿಕಲ್ ಪಾತ್ ಬರೆದು ಮಾರ್ಕ್ಸ್ ತಗೋಳೋ ನಾವೇ ಕ್ಯಾಮೆರಾ ಕೈಗೆ ಬಂದಾಗ ‘ಅಲ್ಲಿ ಹೋಗಿ ನೋಡ್ಕೊಳ್ಳೋಣ’ ಅಂದ್ರೆ ಹೇಗೆ?

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಎಡವಟ್ಟಾದರೆ ಬೆಲೆ ತೆರೋದು ಡೈರೆಕ್ಟರ್ ಒಬ್ಬನೇ ಅಲ್ಲ. 1999ರಲ್ಲಿ ‘ದಿ ಬೀಚ್’ ಶೂಟಿಂಗಿಗೆ ಥಾಯ್ಲೆಂಡಿನ ಮಾಯಾ ಬೇ ತೀರದ ಗಿಡಗಳನ್ನು ಕಿತ್ತು, ಮರಳನ್ನು ಸರಿಸಿ, ತೆಂಗಿನ ಮರ ನೆಟ್ಟರು. ಕೋರ್ಟ್ ಕೇಸು ಎರಡು ದಶಕ ನಡೆದು 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಿನಿಮಾ ನೋಡಿ ಬಂದ ಜನಜಾತ್ರೆ ಬೇರೆ. ಅದರ ಭಾರಕ್ಕೆ ಹವಳ ಹಾಳಾಗಿ, 2018ರಿಂದ 2022ರ ಜನವರಿವರೆಗೆ ತೀರವನ್ನೇ ಮುಚ್ಚಬೇಕಾಯಿತು. ಯೂನಿಟ್ ಕೆಲವೇ ವಾರ ಇದ್ದು ಪ್ಯಾಕಪ್ ಹೇಳಿ ಹೋಯ್ತು, ಲೆಕ್ಕ ಆ ಊರಿನ ತಲೆಗೆ ಬಿತ್ತು.

ಕನ್ನಡದವರೂ ಹೊರದೇಶಕ್ಕೆ ಹೊಸಬರಲ್ಲ. 1978ರಲ್ಲೇ ದ್ವಾರಕೀಶ್ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ಕ್ಕಾಗಿ ಯೂನಿಟ್ ಕಟ್ಟಿಕೊಂಡು ಸಿಂಗಾಪುರಕ್ಕೆ ಹೋಗಿದ್ದರು. ನಾಳೆ ನಮ್ಮಲ್ಲೇ ಯಾರಾದರೂ ಹೋಗಬಹುದು. ಹೋದರೆ ಮೊದಲು ಆ ಊರಿನ ಮಳೆ ಲೆಕ್ಕ ತಗೊಳ್ಳಿ, ಆಮೇಲೆ ಹೀರೋ ಡೇಟ್ಸ್. ಅಲ್ಲಿವರೆಗೆ, ರೂಮಲ್ಲಿ ಮತ್ತೆ ಆ ಕಥೆ ಬಂದಾಗ ಡೈರೆಕ್ಟರ್ ಏನು ಕಳಕೊಂಡ ಅಂತ ಮಾತ್ರ ಅಲ್ಲ, ಆ ಊರಿಗೆ ಏನಾಯ್ತು ಅಂತಲೂ ಕೇಳಿ.