ಗಂಟೆ ಯಾರ ಕೈಯಲ್ಲಿದೆ?

ದಿನದ ಕೆಲಸ ಹೊಂದಿಸಿಕೊಳ್ಳಲು ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದರೆ ಸ್ನೇಹಿತರು ಫೀಚರ್‌ಗಳನ್ನು ಒಪ್ಪಿಸುತ್ತಾರೆ. ಟೂಡೂಇಸ್ಟ್‌ನಲ್ಲಿ ಇದಿದೆ, ನೋಷನ್‌ನಲ್ಲಿ ಅದಿದೆ, ಗೂಗಲ್ ಕ್ಯಾಲೆಂಡರ್ ಪುಕ್ಕಟೆ. ಇದಕ್ಕೂ ಮೊದಲು ತೀರ್ಮಾನವಾಗಬೇಕಾದ ಒಂದು ಸಂಗತಿಯಿದೆ: ನಿಮ್ಮ ದಿನದಲ್ಲಿ ಎಷ್ಟು ಗಂಟೆ ನಿಮ್ಮ ಕೈಯಲ್ಲಿದೆ?

ಬೆಂಗಳೂರಿನ ಕೆ.ಆರ್. ಪುರದಿಂದ ಇಂದಿರಾನಗರದ ಆಫೀಸಿಗೆ ಬರುವವರನ್ನೇ ನೋಡಿ. ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟಲು ಹದಿನೈದು ನಿಮಿಷವೋ ಮುಕ್ಕಾಲು ಗಂಟೆಯೋ ಹೇಳುವಂತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವೆ ಮೆಟ್ರೊ ಓಡಿದ ಮೇಲೆ ಪ್ರಯಾಣಕ್ಕಾದರೂ ಒಂದು ಲೆಕ್ಕ ಸಿಕ್ಕಿತು. (ಯಾವ ರಿಮೈಂಡರೂ ಮಾಡದ ಉಪಕಾರ ಅದು.) ಆಫೀಸಿನೊಳಗೆ ಹೊಕ್ಕರೆ ಮತ್ತೆ ಅದೇ ಕತೆ: ಮೀಟಿಂಗ್ ಇಡುವವರು ಇನ್ಯಾರೋ, ನಡುವೆ ಬರುವ ಫೋನು ಇನ್ಯಾರದೋ. ಇಂಥವರು ಹತ್ತರಿಂದ ಹನ್ನೊಂದು ಇದು, ಹನ್ನೊಂದರಿಂದ ಹನ್ನೆರಡು ಅದು ಎಂದು ಬಣ್ಣಬಣ್ಣದ ಚೌಕ ತುಂಬಿದರೆ, ಸಂಜೆ ಆ ಚೌಕಗಳನ್ನು ನಾಳೆಗೆ ತಳ್ಳುವುದೇ ಇನ್ನೊಂದು ಕೆಲಸ. ಗಂಟೆಗಂಟೆಯ ಆ್ಯಪ್ ತನ್ನ ಹೊತ್ತಿಗೆ ತಾನೇ ಯಜಮಾನನಾದವನಿಗೆ ಸರಿ. ಉಳಿದವರಿಗೆ ನಾಲ್ಕೈದು ಸಾಲಿನ ಪಟ್ಟಿ, ಎದುರಿಗೊಂದು ಕೊನೇ ತಾರೀಕು ಸಾಕು.

ಶಿವಾಜಿನಗರದ ಟೈಲರ್ ಅಂಗಡಿಗಳಲ್ಲಿ ಇರುವುದೂ ಅಷ್ಟೇ. ಬಿಲ್ ಬುಕ್ಕಿನಲ್ಲಿ ಅಳತೆ, ಪಕ್ಕದಲ್ಲಿ ಪಿನ್ ಹೊಡೆದ ಬಟ್ಟೆಯ ಚೂರು, ಕೆಳಗೆ ಡೆಲಿವರಿ ದಿನ. ಯಾವ ಬ್ಲೌಸು ಎಷ್ಟು ಗಂಟೆಗೆ ಎಂದು ಎಲ್ಲೂ ಬರೆದಿರುವುದಿಲ್ಲ. ತಾರೀಕು ತಪ್ಪುವುದಿಲ್ಲವೇ? ಧಾರಾಳವಾಗಿ ತಪ್ಪುತ್ತದೆ. ಆದರೂ ರಂಜಾನ್ ಹಬ್ಬ ಹತ್ತಿರ ಬಂತೆಂದರೆ ಅನುಭವಸ್ಥ ಟೈಲರ್ ‘ಇನ್ನು ಹಬ್ಬ ಆದ ಮೇಲೇ’ ಎಂದು ಬಟ್ಟೆ ವಾಪಸು ಕೊಡುತ್ತಾನೆ. ಆ್ಯಪ್‌ಗಳಿಗೆ ಈ ಬುದ್ಧಿ ಕಡಿಮೆ. ನೂರು ಕೆಲಸ ತುರುಕಿದರೂ ಸುಮ್ಮನೆ ನುಂಗಿಕೊಳ್ಳುತ್ತವೆ. ಮನುಷ್ಯ ತನ್ನ ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆ ಅಂದಾಜು ಮಾಡುತ್ತಾನೆಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದರು. ಹಾಗಾಗಿ ದಿನಕ್ಕೆ ಇಷ್ಟೇ ಎಂಬ ಮಿತಿ ಹಾಕಲು ಬಿಡುವ ಆ್ಯಪ್ ಸಿಕ್ಕರೆ ನಾನು ಅದಕ್ಕೇ ಮತ ಹಾಕುತ್ತೇನೆ.

ಬರೆದಿಟ್ಟರೆ ತಲೆ ಹಗುರ ಎನ್ನುವುದು ನಿಜ. ಅಷ್ಟಕ್ಕೆ ಫೋನಿನ ನೋಟ್ಸ್ ಸಾಕು.

ದುಡ್ಡು ಕೊಡುವುದಾದರೆ ಮಾತ್ರ ಇನ್ನೊಂದು ಎಚ್ಚರ ಬೇಕು. ಜನ ಮೆಚ್ಚಿದ್ದ ಪಟ್ಟಿ ಆ್ಯಪ್ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿ, ಬಳಸುತ್ತಿದ್ದವರಿಗೆ ತನ್ನದೇ ಟು ಡೂ ಆ್ಯಪ್ ತೋರಿಸಿತು. ಆ್ಯಪ್ ಮುಚ್ಚಿದರೂ ಪಟ್ಟಿ ಕೈಯಲ್ಲಿ ಉಳಿಯಬೇಕಲ್ಲ; ವರ್ಷದ ಚಂದಾ ಕಟ್ಟುವ ಮುನ್ನ ಒಂದು ತಿಂಗಳ ಪಟ್ಟಿಯನ್ನು ಫೈಲಾಗಿ ಹೊರಗೆ ಇಳಿಸಿಕೊಂಡು ನೋಡುವುದು ವಾಸಿ.