ಮೊದಲು ಪತಂಗ, ಆಮೇಲೆ ಫೋಟೋ

ನೀವು ಇದನ್ನು ಓದೋ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನಕ್ಕೆ ಊರಿಗೆ ಹೋಗೋ ಟಿಕೆಟ್ ಬುಕ್ ಆಗಿರುತ್ತೆ. ಉಳಿದವರು ವೇಲ್ಸ್‌ಗೋ ಡೆವನ್‌ಗೋ ಹೋಗ್ತೀರಿ. ಎಲ್ಲಿಗೇ ಹೋದ್ರೂ ಹುಳ, ಹಕ್ಕಿ, ಚಿಟ್ಟೆ ಫೋಟೋ ತೆಗೀತೀರಿ ಅಂತ ನಂಗೆ ಗೊತ್ತು. ನಮ್ಮ ಪತ್ರಿಕೆಯ ಫೋಟೋ ಪುಟಕ್ಕೆ ಪ್ರತಿ ವರ್ಷ ಅವೇ ತಾನೇ ಜಾಸ್ತಿ ಬರೋದು? ಅದರ ಬಗ್ಗೆ ನಂದೊಂದು ಮಾತಿದೆ. ಅದಕ್ಕೂ ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ.

ಹೋದ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಯಲ್ಲಿದ್ದೆವು. ಜೋರು ಮಳೆ, ಹೊರಗೆ ಕಾಲಿಟ್ಟರೆ ಉಂಬಳ. ನನಗೆ ಬೇಜಾರಾಗ್ತಿದೆ ಅಂತ ಮಾವ ಜಗಲಿಯಲ್ಲಿ ಹಳೇ ಬಿಳಿ ಪಂಚೆ ಕಟ್ಟಿ, ಅದರ ಹಿಂದೆ ಒಂದು ಬಲ್ಬು ಹಾಕಿಕೊಟ್ಟರು. ಅರ್ಧ ಗಂಟೆಯಲ್ಲಿ ಪಂಚೆ ತುಂಬಾ ಪತಂಗಗಳು! ಎಂಟೂವರೆ ಹೊತ್ತಿಗೆ ಚಂದ್ರ ಪತಂಗ ಬಂತು. ಇಂಗ್ಲಿಷಿನಲ್ಲಿ ಮೂನ್ ಮಾತ್ ಅಂತಾರಲ್ಲ, ಅದು. ತಿಳಿ ಹಸಿರು ಬಣ್ಣ, ನನ್ನ ಅಂಗೈಗಿಂತ ಅಗಲ, ಹಿಂದೆ ಎರಡು ಉದ್ದನೆಯ ಬಾಲ. ಆದರೆ ಒಂದು ಕಡೆ ಕೂರಲೇ ಇಲ್ಲ. ಎಲ್ಲಾ ಫೋಟೋನೂ ಮಸುಕು.

ಆಗ ಒಂದು ವಿಡಿಯೋ ನೆನಪಾಯ್ತು. ಹುಳವನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಅಲ್ಲಾಡದೆ ಕೂರುತ್ತೆ, ಫೋಟೋ ಚೆನ್ನಾಗಿ ಬರುತ್ತೆ ಅಂತ ಅದರಲ್ಲಿ ಹೇಳಿದ್ದರು. ಚಕ್ಕುಲಿ ಡಬ್ಬಿ ಖಾಲಿಯಿತ್ತು. ಪತಂಗವನ್ನು ಅದರೊಳಗೆ ಹಾಕಿ ಹಾಲಿನ ಪಾತ್ರೆ ಪಕ್ಕ ಇಟ್ಟೆ. ಊಟಕ್ಕೆ ಕರೆದರು, ಮರೆತೇಬಿಟ್ಟೆ. ಹಾಲಿಗೆ ಹೆಪ್ಪು ಹಾಕೋಕೆ ಬಂದ ಅಜ್ಜಿ ಕೂಗಿದರು, "ಎಂಥದೋ ಇದು, ಹಾಲಿನ ಪಕ್ಕ ಹುಳ ಇಟ್ಟಿದೀಯಲ್ಲ!"

ಫೋಟೋ ಸೂಪರಾಗಿ ಬಂತು. ಆದರೆ ಡಬ್ಬಿಯೊಳಗೆ ಬಡಿದಾಡಿ ಒಂದು ಬಾಲ ಹರಿದಿತ್ತು. ಡಬ್ಬಿಯ ತಳದಲ್ಲಿ ಹಸಿರು ಪುಡಿ. ಅಜ್ಜಿ ಬೈಯಲಿಲ್ಲ. "ಪಾಪ, ಅದು ನಿನ್ನ ಬೆಳಕು ನಂಬಿ ಬಂದಿತ್ತು" ಅಂದರು ಅಷ್ಟೆ. ಬೈದಿದ್ರೇ ಚೆನ್ನಾಗಿತ್ತು.

ಲಂಡನ್ನಿಗೆ ಬಂದಮೇಲೆ ಅದರ ಬಗ್ಗೆ ಓದಿದೆ. ದೊಡ್ಡದಾದ ಚಂದ್ರ ಪತಂಗ ಏನನ್ನೂ ತಿನ್ನಲ್ಲ, ತಿನ್ನೋಕೆ ಅದಕ್ಕೆ ಸರಿಯಾದ ಬಾಯೇ ಇಲ್ಲ. ಮರಿಹುಳವಾಗಿದ್ದಾಗ ತಿಂದಿದ್ದರಲ್ಲೇ ಸುಮಾರು ಒಂದು ವಾರ ಬದುಕಿ, ಜೋಡಿ ಹುಡುಕಿ, ಮೊಟ್ಟೆ ಇಡಬೇಕು. ಇರೋ ಏಳೆಂಟು ರಾತ್ರಿಗಳಲ್ಲಿ ಒಂದನ್ನು ನಾನು ಚಕ್ಕುಲಿ ಡಬ್ಬಿಯಲ್ಲಿ ಕಳೆಸಿದ್ದೆ. ಬಾಲ ಇರೋದೂ ಬರೀ ಚೆಂದಕ್ಕಲ್ಲ. ಇದರ ಅಮೆರಿಕದ ನೆಂಟ ಲೂನಾ ಪತಂಗದ ಬಗ್ಗೆ 2015ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಹಾರುವಾಗ ತಿರುಗೋ ಬಾಲ ಬಾವಲಿಯನ್ನು ಏಮಾರಿಸುತ್ತೆ, ಬಾವಲಿ ಮೈ ಬಿಟ್ಟು ಬಾಲಕ್ಕೆ ಬಾಯಿ ಹಾಕುತ್ತೆ. ಬಾಲ ಇಲ್ಲದ ಪತಂಗಗಳು ಹೆಚ್ಚು ಸುಲಭವಾಗಿ ಸಿಕ್ಕಿಬಿದ್ದವು. ಇನ್ನು ಫ್ರಿಜ್‌ನಿಂದ ತೆಗೆದ ಹುಳ 'ಶಾಂತವಾಗಿ' ಕೂತಿರೋದೂ ಸುಳ್ಳು. ಹುಳಗಳಿಗೆ ನಮ್ಮ ಹಾಗೆ ಮೈ ಸದಾ ಬೆಚ್ಚಗಿರಲ್ಲ. ತೀರಾ ತಣ್ಣಗಾದರೆ ಅವಕ್ಕೆ ಅಲ್ಲಾಡೋಕೇ ಆಗಲ್ಲ.

ಹಾಗಂತ ಪಂಚೆ ಕಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ಕಟ್ಟಿ. ಒಂದೆರಡು ಗಂಟೆ ನೋಡಿ ಲೈಟ್ ಆರಿಸಿ, ಅವು ಅವುಗಳ ಕೆಲಸಕ್ಕೆ ಹೋಗಲಿ. ರಾತ್ರಿಯೆಲ್ಲ ಉರಿಸಿದರೆ ಬೆಳಗ್ಗೆ ಕಾಜಾಣ, ಮಡಿವಾಳ ಹಕ್ಕಿಗಳು ಪಂಚೆ ಮೇಲಿಂದಲೇ ತಿಂಡಿ ಮುಗಿಸ್ತವೆ. ಚಿಟ್ಟೆ ಸುಮ್ಮನೆ ಕೂರಬೇಕಾ? ಸೂರ್ಯ ಹುಟ್ಟೋ ಹೊತ್ತಿಗೆ ಏಳಿ. ರಾತ್ರಿಯ ತಂಪಿಗೆ ಅವು ತಾವಾಗೇ ಎಲೆ ಕೆಳಗೆ ಕೂತಿರ್ತವೆ, ಕೆಲವು ಸಲ ಮೈಮೇಲೆ ಇಬ್ಬನಿ ಸಮೇತ. ಲಂಡನ್ನಿನಲ್ಲಾದ್ರೆ ಗಾರ್ಡನ್ ಮೂಲೆಯಲ್ಲಿ ನೆಟಲ್ ಗಿಡ, ಅದೇ ಮುಟ್ಟಿದರೆ ಉರಿಯೋ ಗಿಡ, ಒಂದಿಷ್ಟು ಬಿಡಿ. ಪೀಕಾಕ್, ರೆಡ್ ಅಡ್ಮಿರಲ್ ಚಿಟ್ಟೆಗಳ ಮರಿಹುಳ ತಿನ್ನೋದು ಅದನ್ನೇ. ನಮ್ಮಮ್ಮನನ್ನು ಒಪ್ಪಿಸೋಕೆ ನಂಗೆ ಎರಡು ತಿಂಗಳು ಹಿಡೀತು. ಜೂನ್‌ನಲ್ಲಿ ಸೌತ್ ಲಂಡನ್ ಕಡೆ ಫುಟ್‌ಪಾತ್ ಮೇಲೆ ಸ್ಟ್ಯಾಗ್ ಬೀಟಲ್ ಸಿಕ್ಕರೆ ಜಾಡಿಯಲ್ಲಿ ಹಾಕಿ ಸ್ಕೂಲಿಗೆ ತರಬೇಡಿ. ಅದು ಮರಿಯಾಗಿ ಕೊಳೆತ ಮರದಲ್ಲಿ 3ರಿಂದ 7 ವರ್ಷ ಇದ್ದು, ಒಂದು ಬೇಸಿಗೆಗೆ ಮಾತ್ರ ಹೊರಗೆ ಬಂದಿರುತ್ತೆ.

ಈಗ ಅಪ್ಪ ಅಮ್ಮಂದಿರಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಅಕ್ಟೋಬರ್‌ನಲ್ಲಿ ರಿಚ್ಮಂಡ್ ಪಾರ್ಕ್‌ಗೆ ಹೋದಾಗ ನಮ್ಮಪ್ಪ ನನ್ನ ತಂಗಿಗೆ "ಪುಟ್ಟಿ, ಇನ್ನೊಂಚೂರು ಹಿಂದೆ ಹೋಗು" ಅಂತಿದ್ದರು. ಅವಳ ಹಿಂದೆ ಇದ್ದದ್ದು ಕೊಂಬಿನ ಗಂಡು ಜಿಂಕೆ! ಅದು ಅವುಗಳ ಜಗಳದ ಕಾಲ. ಕನಿಷ್ಠ 50 ಮೀಟರ್ ದೂರ ಇರಿ ಅಂತ ಪಾರ್ಕಿನವರೇ ಹೇಳ್ತಾರೆ. ಮೇ ತಿಂಗಳಿಂದ ಜುಲೈವರೆಗೆ ಮರಿ ಹಾಕೋ ಕಾಲ, ಆಗ ತಾಯಿ ಜಿಂಕೆಗೂ ಸಿಟ್ಟು ಬೇಗ ಬರುತ್ತೆ. ಹತ್ತಿರ ಹೋಗದಿದ್ರೆ ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಹೇಗೆ ಬರುತ್ತೆ ಅಂತ ಅಪ್ಪ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ನನ್ನ ತಂಗಿಗೆ ಆ ಜಿಂಕೆ ನೆನಪೇ ಇಲ್ಲ, ಅವಳು ಕ್ಯಾಮೆರಾ ಕಡೆ ತಿರುಗಿ ನಗ್ತಿದ್ದಳು. ಅಜ್ಜಿಯ ಕರಿಬೇವಿನ ಗಿಡದಲ್ಲಿ ಕೂತಿದ್ದ ಚಿಟ್ಟೆಯ ಮರಿಹುಳದ ಬಗ್ಗೆ ಮಾತ್ರ ಇವತ್ತಿಗೂ ಕೇಳ್ತಾಳೆ. ಅದನ್ನು ದಿನಾ ಬೆಳಗ್ಗೆ ಹೋಗಿ ಬರೀ ನೋಡ್ತಿದ್ದಳು, ಮುಟ್ಟಿಲ್ಲ.

ದೊಡ್ಡವರೂ ಫೋಟೋಗೋಸ್ಕರ ಮೋಸ ಮಾಡ್ತಾರೆ, ಗೊತ್ತಾ? ಸೌತ್ ಕೆನ್ಸಿಂಗ್ಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸೋ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದಿದ್ದು ಗೇಟ್ ಹಾರೋ ತೋಳದ ಚಿತ್ರ. ಅದು ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರಿಗೆ ಅನ್ನಿಸಿ, 2010ರ ಜನವರಿಯಲ್ಲಿ ಬಹುಮಾನ ವಾಪಸ್ ತಗೊಂಡರು. ಫೋಟೋ ತೆಗೆದವರು ಒಪ್ಪಲಿಲ್ಲ. 2018ರಲ್ಲಿ ಇನ್ನೊಂದು ಚಿತ್ರವನ್ನೂ ತೆಗೆದುಹಾಕಿದರು. ಅದರಲ್ಲಿದ್ದ ಇರುವೆಬಾಕ ಜೀವಂತದ್ದಲ್ಲ, ಒಳಗೆ ತುಂಬಿಸಿಟ್ಟ ಗೊಂಬೆಯಂಥದ್ದು ಅಂತ ತಜ್ಞರು ಹೇಳಿದ್ದರು.

ಅದಕ್ಕೇ ಸಂಪಾದಕರಲ್ಲಿ ನಂದೊಂದು ಕೋರಿಕೆ. ನಮ್ಮ ಫೋಟೋ ಪುಟದಲ್ಲಿ ಪ್ರತಿ ಚಿತ್ರದ ಕೆಳಗೆ ಹೆಸರು, ತರಗತಿ ಹಾಕ್ತೀರಲ್ಲ, ಜೊತೆಗೆ ಇನ್ನೊಂದು ಸಾಲು ಇರಲಿ. ಎಷ್ಟು ದೂರದಿಂದ ತೆಗೆದದ್ದು, ಬೆಳಕೋ ತಿಂಡಿಯೋ ಇಟ್ಟು ಕರೆದದ್ದಾ, ಅದು ತಾನಾಗೇ ಬಂದದ್ದಾ, ಆಮೇಲೆ ಎಲ್ಲಿಗೆ ಹೋಯ್ತು. ತಿಂಡಿ ಇಟ್ಟಿದ್ರೆ ತಪ್ಪಿಲ್ಲ, ಇಟ್ಟಿದ್ದೆ ಅಂತ ಬರೆದರಾಯ್ತು.

ಆ ಚಂದ್ರ ಪತಂಗದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಅದನ್ನು ಈ ಸಲ ಕೊಟ್ಟಿಲ್ಲ. ಬದಲಿಗೆ ನಮ್ಮ ನೆಟಲ್ ಗಿಡದ ಮೇಲಿನ ಪೀಕಾಕ್ ಮರಿಹುಳಗಳ ಚಿತ್ರ ಕೊಟ್ಟಿದ್ದೀನಿ. ಒಂದು ಹೆಜ್ಜೆ ದೂರದಿಂದ ತೆಗೆದದ್ದು, ತಾವಾಗೇ ಬಂದದ್ದು. ಕರ್‍ರಗೆ, ಮುಳ್ಳು ಮುಳ್ಳಾಗಿವೆ. ಅಮ್ಮ "ಇದನ್ನಾ ಕೊಡೋದು?" ಅಂದರು.