ಲೆಕ್ಕದ ಪುಸ್ತಕ: ಹಳೇ ಡ್ರಮ್ಮಿಗೆ ಹೊಸ ಲಿವರ್

ಏಪ್ರಿಲ್ ಮುಗೀತು, ರಿಟರ್ನ್‌ಗಳೆಲ್ಲ ಹೋದವು. ಈ ತಿಂಗಳು ಟ್ಯಾಕ್ಸ್ ವಿಷಯ ಬೇಡ. ಒಂದು ಹಳೇ ಡ್ರಮ್ ರಿಪೇರಿ ಮಾಡಿದ ಕಥೆ ಹೇಳ್ತೀನಿ. ಲೆಕ್ಕದ ಮಾತು ಕೊನೆಗೆ ತಾನಾಗಿಯೇ ಬರುತ್ತೆ.

ಮಗಳು ಐದನೇ ಕ್ಲಾಸು. ಶಾಲೆಯ ಬ್ಯಾಂಡಿನಲ್ಲಿ ಸ್ನೇರ್ ಡ್ರಮ್ ಆರಿಸಿಕೊಂಡಳು. ಊರಲ್ಲಿ ಆಗಸ್ಟ್ 15ರ ಪೆರೇಡಿನಲ್ಲಿ ನೇತುಹಾಕಿಕೊಂಡು ಬಾರಿಸುತ್ತಿದ್ದ ಸೈಡ್ ಡ್ರಮ್ ನೆನಪಿದೆಯಲ್ಲ, ಅದೇ ಜಾತಿ. ಮೇಲೊಂದು ಕೆಳಗೊಂದು ಹೆಡ್. ಹಿಂದೆ ಚರ್ಮದ್ದು, ಈಗ ಪ್ಲಾಸ್ಟಿಕ್ಕಿನದು. ಕೆಳಗಿನ ಹೆಡ್ಡಿಗೆ ತಾಗಿಕೊಂಡು ಸುರುಳಿ ತಂತಿಗಳ ಸಾಲು. ಚರಚರ ಸದ್ದು ಬರೋದು ಆ ತಂತಿಯಿಂದಲೇ. ಪಕ್ಕದ ಲಿವರ್ ಎತ್ತಿದರೆ ತಂತಿ ಹೆಡ್ಡಿಗೆ ಬಿಗಿಯಾಗಿ ಕೂರುತ್ತದೆ, ಇಳಿಸಿದರೆ ಸಡಿಲವಾಗುತ್ತದೆ. ಲಿವರ್ ಇರುವ ಈ ಭಾಗಕ್ಕೆ ಸ್ಟ್ರೈನರ್ ಅಂತಾರೆ.

ನಮ್ಮ ಪಕ್ಕದ ಮನೆಯ ಹಿರಿಯರು ಶಿಕಾಗೋದಲ್ಲೇ ಹುಟ್ಟಿ ಬೆಳೆದವರು. 1964ರ ಫೆಬ್ರವರಿ 9ರ ರಾತ್ರಿ ಎಡ್ ಸಲಿವನ್ ಶೋನಲ್ಲಿ ಬೀಟಲ್ಸ್ ಬಂದಾಗ ಅವರಿಗೆ ಒಂಬತ್ತು ವರ್ಷ. ರಿಂಗೋ ಸ್ಟಾರ್ ಮುಂದೆ ಇದ್ದದ್ದು ಲುಡ್ವಿಗ್ ಡ್ರಮ್. ಅದು ತಯಾರಾಗುತ್ತಿದ್ದದ್ದು ಇದೇ ಊರಿನ ಡೇಮನ್ ಅವೆನ್ಯೂ ಕಾರ್ಖಾನೆಯಲ್ಲಿ. ಆ ರಾತ್ರಿಯ ನಂತರ ದೇಶದ ಹುಡುಗರಿಗೆಲ್ಲ ಲುಡ್ವಿಗ್ಗೇ ಬೇಕಾಯ್ತು. ಎರಡು ವರ್ಷ ಕಾಡಿಸಿದ ಮೇಲೆ ಇವರಪ್ಪ ಒಂದು ಆಕ್ರೋಲೈಟ್ ಕೊಡಿಸಿದರಂತೆ. ವಿದ್ಯಾರ್ಥಿಗಳಿಗೆಂದೇ ಮಾಡಿದ ಮಾಡೆಲ್ ಅದು. 14 ಇಂಚು ಅಗಲ, 5 ಇಂಚು ಎತ್ತರ, ಅಲ್ಯೂಮಿನಿಯಂ ಶೆಲ್, ಸುತ್ತ ಎಂಟು ಲಗ್. ಶೆಲ್ಲಿಗೆ ಕ್ರೋಮ್ ಲೇಪ ಇಲ್ಲ, ಹಾಗಾಗಿ ಅರವತ್ತು ವರ್ಷವಾದರೂ ಸಿಪ್ಪೆ ಎದ್ದಿರಲಿಲ್ಲ. ಸ್ಟ್ರೈನರ್ ಲಿವರ್ ಮಾತ್ರ ಸವೆದು ಮುರಿದಿತ್ತು.

"ನಿಮ್ಮ ಮಗಳು ಬಾರಿಸಲಿ. ಮೊಮ್ಮಗ ದೊಡ್ಡವನಾದ ಮೇಲೆ ಅವನಿಗೆ ಕೊಡಬೇಕು, ಅಷ್ಟೇ," ಅಂತ ಹೇಳಿ ಡ್ರಮ್ ಕೈಗಿಟ್ಟರು. ರಿಪೇರಿ ನಾನೇ ಮಾಡಿಸ್ತೀನಿ ಅಂದೆ. ಆಮೇಲೆ 'ಮಾಡಿಸೋದು' ಯಾಕೆ, ಎರಡು ಸ್ಕ್ರೂ ತಾನೇ ಅಂತ ನಾನೇ ಕೈ ಹಾಕಿದೆ.

ಹಳೆಯದರ ಹಾಗೆಯೇ ಹೊಸದಾಗಿ ಮಾಡಿದ ಬಿಡಿಭಾಗಗಳಿಗೆ ಇಲ್ಲಿ ರಿಪ್ರೊಡಕ್ಷನ್ ಪಾರ್ಟ್ ಅಂತಾರೆ. 'ಹಳೇ ಲುಡ್ವಿಗ್‌ಗೆ ಹೊಂದುತ್ತದೆ' ಅನ್ನೋ ಒಂದು ಸಾಲು ಓದಿ 30 ಡಾಲರಿಗೆ ಸ್ಟ್ರೈನರ್ ತರಿಸಿದೆ. ಹಿಡಿದು ನೋಡಿದರೆ ಸ್ಕ್ರೂ ತೂತುಗಳ ನಡುವಿನ ಅಂತರ ಸುಮಾರು 3 ಮಿಲಿಮೀಟರ್ ಜಾಸ್ತಿ. ಗುರುವಾರ ಶಾಲೆಯಲ್ಲಿ ಕಾರ್ಯಕ್ರಮ, ಇವತ್ತು ಶನಿವಾರ. ವಾಪಸ್ ಕಳಿಸಿ ಬೇರೆ ತರಿಸೋಕೆ ಟೈಮ್ ಇಲ್ಲ. ಒಂದು ತೂತು ಕೊರೆದರೆ ಆಯ್ತು ಅನ್ನಿಸಿತು. ಡ್ರಿಲ್ ಜಾರದಿರಲಿ ಅಂತ ಶೆಲ್ ಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆದೂ ಬಿಟ್ಟೆ.

ಡ್ರಿಲ್ ಹಿಡಿಯುವ ಮೊದಲು ಒಳಗೆ ಏನೂ ತಗಲದಿರಲಿ ಅಂತ ಶೆಲ್ ತಿರುಗಿಸಿ ನೋಡಿದೆ. ಒಳಗಿದ್ದದ್ದು ಕಾರ್ಖಾನೆಯ ತೂತುಗಳು ಮಾತ್ರ. ಅರವತ್ತು ವರ್ಷದಲ್ಲಿ ಯಾರೂ ಒಂದೂ ಹೆಚ್ಚಿಗೆ ಕೊರೆದಿರಲಿಲ್ಲ. ಮೊದಲನೆಯದು ನನ್ನದಾಗುತ್ತಿತ್ತು, ಅದೂ ನನ್ನದಲ್ಲದ ಡ್ರಮ್ಮಿಗೆ. ಡ್ರಿಲ್ ಕೆಳಗಿಟ್ಟೆ. ಗುರುವಾರ ಮಗಳು ಶಾಲೆಯ ಡ್ರಮ್ಮನ್ನೇ ಬಾರಿಸಿದಳು.

ಎರಡನೇ ಸಲ ಲೆಕ್ಕದವನ ಹಾಗೆ ನಡೆದುಕೊಂಡೆ. ನಿಮ್ಮಲ್ಲಿ ಯಾರಾದರೂ ಗ್ಯಾರೇಜ್ ಸೇಲಿನಲ್ಲಿ ಇಂಥ ಡ್ರಮ್ ಕೊಂಡರೆ ಉಪಯೋಗಕ್ಕೆ ಬರಲಿ ಅಂತ ಬರೀತೀನಿ.

ಮೊದಲು ಅಳತೆ. ತೂತಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಕ್ಯಾಲಿಪರ್ ಹಿಡಿದು ಅಳೆಯಿರಿ, ಮಾರುವವರ ಹತ್ತಿರ ಅದೇ ಅಳತೆ ಕೇಳಿ. ಮಾಡೆಲ್ ಹೆಸರೂ ಮುಖ್ಯ. ಈ ಡ್ರಮ್ಮಿನದು ಪಿ-83, ಆಮೇಲಿನ ಲುಡ್ವಿಗ್‌ಗಳಲ್ಲಿ ಬಂದದ್ದು ಪಿ-85. 'ಹಳೇ ಲುಡ್ವಿಗ್' ಅಂದರೆ ಸಾಲದು.

ಎರಡನೆಯದು ಥ್ರೆಡ್. ಹೆಡ್ ಬಿಗಿಮಾಡುವ ಉದ್ದ ಸ್ಕ್ರೂಗಳಿಗೆ ಟೆನ್ಷನ್ ರಾಡ್ ಅಂತ ಹೆಸರು. ಅಮೆರಿಕದ ಡ್ರಮ್ಮುಗಳಲ್ಲಿ ಅದರ ಅಳತೆ 12-24. ಅಂದರೆ 12ನೇ ನಂಬರಿನ ದಪ್ಪ, ಇಂಚಿಗೆ 24 ಸುತ್ತು. ಯುರೋಪಿನ ಕೆಲವು ಡ್ರಮ್ಮುಗಳದ್ದು ಮೆಟ್ರಿಕ್. ನೋಡೋಕೆ ಒಂದೇ ಥರ ಇರುತ್ತವೆ. ಹೊಸ ರಾಡನ್ನು ಬೆರಳಿನಲ್ಲೇ ನಾಲ್ಕೈದು ಸುತ್ತು ತಿರುಗಿಸಿ ನೋಡಿ. ಸಲೀಸಾಗಿ ಹೋಗದಿದ್ದರೆ ಕೀ ಹಾಕಿ ಒತ್ತಾಯ ಮಾಡಬೇಡಿ. ಲಗ್ಗಿನೊಳಗಿನ ಹಳೇ ನಟ್ ಹಾಳಾದರೆ ಕೆಲಸ ಇನ್ನೂ ದೊಡ್ಡದಾಗುತ್ತದೆ.

ಮೂರನೆಯದು ಹೂಪ್, ಅಂದರೆ ಹೆಡ್ ಹಿಡಿಯುವ ಬಳೆ. 14 ಇಂಚಿನದು ಅಂತ ಕಣ್ಣುಮುಚ್ಚಿ ಕೊಳ್ಳಬೇಡಿ. ಎಂಟು ಲಗ್ಗಿನ ಡ್ರಮ್ಮಿಗೆ ಹತ್ತು ತೂತಿನ ಹೂಪ್ ಆಗಲ್ಲ. ಕೆಳಗಿನ ಹೂಪಿನಲ್ಲಿ ತಂತಿ ಹೊರಬರಲು ಕಿಂಡಿಯೂ ಇರಬೇಕು.

ಜೋಡಿಸುವಾಗ ಸ್ಟ್ರೈನರ್ ಹಿಂದೆ ತೆಳು ವಾಷರ್ ಇಟ್ಟರೆ ಶೆಲ್ ಗೀಚಲ್ಲ. ಬಿಗಿ ಹೆಚ್ಚುಕಮ್ಮಿ ಮಾಡುವ ತಿರುಗಣೆಯನ್ನು ಮಧ್ಯಕ್ಕೆ ತಂದಿಟ್ಟು ಆಮೇಲೆ ತಂತಿಯ ದಾರ ಕಟ್ಟಿ. ಆಗ ಮುಂದೆ ಬಿಗಿಮಾಡೋಕೂ ಸಡಿಲಿಸೋಕೂ ಎರಡಕ್ಕೂ ಜಾಗ ಇರುತ್ತದೆ. ತಂತಿ ಹಾದುಹೋಗುವ ಎರಡು ಕಡೆ ಶೆಲ್ಲಿನ ಅಂಚು ಸ್ವಲ್ಪ ತಗ್ಗಾಗಿರುತ್ತದೆ. ತಂತಿ ಸರಿಯಾಗಿ ಅಲ್ಲಿ ನಡುವೆ ಕೂರಬೇಕು. ಓರೆಯಾದರೆ ಲಿವರ್ ಇಳಿಸಿದರೂ ಒಂದು ಬದಿ ಗುಂಯ್ ಅನ್ನುತ್ತಲೇ ಇರುತ್ತದೆ. ಹೆಡ್ ಬಿಗಿಮಾಡೋದು ಕಾರಿನ ಚಕ್ರದ ನಟ್ ಥರ, ಎದುರುಬದುರು, ಸ್ವಲ್ಪ ಸ್ವಲ್ಪವೇ.

ಇನ್ನು ಬ್ಯಾಡ್ಜ್ ವಿಷಯ. ಕೀಸ್ಟೋನ್ ಆಕಾರದ ಹಳೇ ಬ್ಯಾಡ್ಜುಗಳ ನಕಲೂ ಮಾರಾಟಕ್ಕಿವೆ. ಮುರಿದ ಲಿವರಿಗೆ ಹೊಸ ಲಿವರ್ ಹಾಕಿದರೆ ಡ್ರಮ್ ಬಾರಿಸೋಕೆ ಬರುತ್ತದೆ. ಬ್ಯಾಡ್ಜ್ ಬದಲಿಸಿದರೆ ಸದ್ದೇನೂ ಬದಲಾಗಲ್ಲ, ನೋಡುವವನ ನಂಬಿಕೆ ಮಾತ್ರ ಬದಲಾಗುತ್ತದೆ. ಒಂದು ರಿಪೇರಿ ಖರ್ಚು, ಇನ್ನೊಂದು ಸುಳ್ಳು ಎಂಟ್ರಿ. ಹೊಸ ಭಾಗ ಹಾಕೋದು ತಪ್ಪಲ್ಲ, ಹಾಕಿದ್ದನ್ನು ಮುಚ್ಚಿಡೋದು ತಪ್ಪು.

ಹಾಗಾಗಿ ಹಳೇ ಸ್ಟ್ರೈನರ್, ಅದರ ಎರಡು ಸ್ಕ್ರೂ, ಮುರಿದ ಲಿವರ್ ತುಂಡು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಡ್ರಮ್ಮಿನ ಕೇಸಿನಲ್ಲೇ ಇಟ್ಟೆ. ಜೊತೆಗೊಂದು ಚೀಟಿ: ಯಾವ ತಾರೀಕು, ಯಾವ ಭಾಗ, ಎಷ್ಟು ಬೆಲೆ. ಕೊನೆಯ ಸಾಲು, 'ಸ್ಟ್ರೈನರ್ ಕೆಳಗೆ ಪಂಚಿನ ಗುರುತು ಒಂದು, ನನ್ನ ಆತುರದಿಂದ ಆದದ್ದು.' ಸ್ಟ್ರೈನರ್ ಅದನ್ನು ಮುಚ್ಚಿಕೊಳ್ಳುತ್ತೆ, ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಅವರ ಮನೆಗೆ ಹೋಗಿ ಬಾಯಿಬಿಟ್ಟು ಹೇಳಿದೆ. ಗಂಟಲು ಒಣಗಿತ್ತು.

ಅವರು ಚೀಟಿ ಎರಡು ಸಲ ಓದಿದರು. ಡ್ರಮ್ ತಿರುಗಿಸಿ ಕೆಳಗಿನ ಹೂಪಿನಲ್ಲಿದ್ದ ಒಂದು ಸೊಟ್ಟ ತೋರಿಸಿದರು. "ಇದು 1968, ಮೆಟ್ಟಿಲಿನಿಂದ ಬೀಳಿಸಿದ್ದು. ಅಪ್ಪನಿಗೆ ಕೊನೇವರೆಗೂ ಹೇಳಲೇ ಇಲ್ಲ," ಅಂದರು. ಪೆನ್ನು ಕೇಳಿ ಇಸ್ಕೊಂಡು ಅದನ್ನೂ ಚೀಟಿಯಲ್ಲಿ ಸೇರಿಸಿದರು.

ಒಟ್ಟು ಖರ್ಚು: ಸರಿಯಾದ ಸ್ಟ್ರೈನರ್ 42 ಡಾಲರ್, 20 ಎಳೆಯ ತಂತಿ 18, ಮೊದಲನೆಯದನ್ನು ವಾಪಸ್ ಕಳಿಸಿದ ಅಂಚೆ ವೆಚ್ಚ 9. ಆ 9 ಡಾಲರ್ ಅಳತೆ ತೆಗೆದುಕೊಳ್ಳದ ದಂಡ. ಮುಂದಿನ ತಿಂಗಳು ಮತ್ತೆ ಟ್ಯಾಕ್ಸ್ ವಿಷಯ. ಈಗ ಮಗಳು ಪ್ರಾಕ್ಟೀಸ್ ಶುರುಮಾಡಿದಾಳೆ, ಇಲ್ಲಿ ಕೂತು ಬರೆಯೋಕೆ ಆಗ್ತಿಲ್ಲ.